ಕಾಡು ತೋರಿಸಿದವರು



ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನನ್ನ ಮನೆ. ಮಳೆ ಹಿಂದೆ ಸರಿದು ಗುಡ್ಡಗಳು ಇನ್ನೂ ಹಸಿರಾಗಿರುವ ದಿನಗಳಲ್ಲಿ, ಶುಕ್ರವಾರ ರಾತ್ರಿ ಊಟ ಮುಗಿಸಿ ಗೇಟಿನ ಬಳಿ ನಿಂತರೆ ನವುಲೆಯ ಕಡೆಯಿಂದ ಹತ್ತು ಹನ್ನೆರಡು ಮಂದಿ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಏರಿಸಿಕೊಂಡು ಬರುವುದು ಕಾಣುತ್ತದೆ. ಟೆಂಪೋ ಬರುವವರೆಗೆ ರಸ್ತೆಯಂಚಿನಲ್ಲೇ ಗುಂಪಾಗಿ ನಿಲ್ಲುತ್ತಾರೆ. ಎಲ್ಲಿಗೆ ಎಂದು ಕೇಳಿದರೆ ಹೆಚ್ಚಿನ ಸಲ ಬರುವ ಉತ್ತರ ಕುದುರೆಮುಖ. ಬೆಳಗಿನ ಜಾವ ಕಳಸದ ಕಡೆ ಮುಟ್ಟಿ, ಮುಳ್ಳೋಡಿಯಿಂದ ನಡೆಯಲು ಶುರುಮಾಡಿ, ಸುಮಾರು 1,890 ಮೀಟರ್ ಎತ್ತರದ ಶಿಖರ ಹತ್ತಿ, ಸಂಜೆಯೊಳಗೆ ಇಳಿದುಬಿಡಬೇಕು. ರಾಷ್ಟ್ರೀಯ ಉದ್ಯಾನವಾದ್ದರಿಂದ ಒಳಗೆ ಡೇರೆ ಹಾಕುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು. ಜೊತೆಯಲ್ಲಿ ಸ್ಥಳೀಯ ಗೈಡ್ ಒಬ್ಬರು ಇರಲೇಬೇಕು.

ಆ ಕೊನೆಯ ನಿಯಮ ಕೆಲವು ಹುಡುಗರಿಗೆ ಕಿರಿಕಿರಿ. "ದಾರಿ ಮೊಬೈಲಿನಲ್ಲೇ ಇದೆ ಸಾರ್, ಗೈಡ್ ಯಾಕೆ?" ಎಂದು ಒಬ್ಬ ನನ್ನನ್ನೇ ಕೇಳಿದ. ಆಗ ಏನೋ ಒಂದು ಉತ್ತರ ಕೊಟ್ಟು ಕಳುಹಿಸಿದೆ. ಸಮಾಧಾನವಾಗಲಿಲ್ಲ. ಕಾಡನ್ನು ನೋಡಲು ಹೋಗುವವನ ಮುಂದೆ ಕಾಡನ್ನು ತೋರಿಸುವವನೊಬ್ಬ ನಡೆಯುವುದು ನಮ್ಮ ನಾಡಿನಲ್ಲಿ ಎಂದು ಶುರುವಾಯಿತು, ಅವನಿಗೆ ಸಿಕ್ಕಿದ್ದೇನು ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಹಿಡಿದಿಟ್ಟುಕೊಂಡಿತು. ಕಿರುತೆರೆಯ ಅರ್ಧ ಗಂಟೆಯಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಸುಮ್ಮನೆ ನೋಡುವುದಕ್ಕಾಗಿ ಕಾಡಿಗೆ ಹೋಗುವುದು ತೀರ ಹೊಸ ಅಭ್ಯಾಸ. ನಮ್ಮ ಹಿರಿಯರು ಸೌದೆಗೆ ಹೋದರು, ಸೊಪ್ಪಿಗೆ ಹೋದರು, ಜೇನಿಗೆ, ಸೀಗೆಗೆ, ಕಳೆದುಹೋದ ದನ ಹುಡುಕಲಿಕ್ಕೆ ಹೋದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿದಾಗ ಅದಕ್ಕೆ ಬೇಕಾದ ಇದ್ದಿಲು ಸುತ್ತಲಿನ ಕಾಡಿನ ಮರದಿಂದಲೇ ಬಂತು. ಮರ ಕಡಿದವರಿಗೆ, ಗಾಡಿ ಹೊಡೆದವರಿಗೆ ಕಾಡಿನ ಇಂಚಿಂಚೂ ಗೊತ್ತಿತ್ತು. ಅವರನ್ನು ಯಾರಾದರೂ "ಕಾಡು ನೋಡಲು ಬಂದಿರಾ?" ಎಂದು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ನೋಡುವುದೇ ಕೆಲಸವಾಗಿ ಕಾಡಿಗೆ ಬಂದವರು ಬಂದೂಕು ಹಿಡಿದವರು. ನಮ್ಮ ಕಥೆ ಅಲ್ಲಿಂದ ಆರಂಭವಾಗುತ್ತದೆ.

ಜಾರ್ಜ್ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ತರುಣ 1864ರಲ್ಲಿ ಭಾರತಕ್ಕೆ ಬಂದ. ಮೈಸೂರು ಸಂಸ್ಥಾನದ ನಾಲೆಗಳ ಉಸ್ತುವಾರಿ ಅವನ ಕೆಲಸ. ಮನಸ್ಸೆಲ್ಲ ಶಿಕಾರಿಯ ಮೇಲೆ. ಚಾಮರಾಜನಗರದ ಸೀಮೆಯಲ್ಲಿ ಬಿಡಾರ ಹೂಡಿ, ಆನೆಗಳನ್ನು ಹಿಂಡು ಹಿಂಡಾಗಿ ಹಿಡಿಯುವ ಖೆಡ್ಡಾ ವಿಧಾನವನ್ನು ಇಲ್ಲಿ ಪ್ರಯೋಗಿಸಲು ಸರ್ಕಾರದ ಅಪ್ಪಣೆ ಪಡೆದ. ನೂರು ವರ್ಷಗಳ ಹಿಂದೆ ಹೈದರಾಲಿ ಇದೇ ಕೆಲಸಕ್ಕೆ ಕೈಹಾಕಿ ಸೋತು, ಮುಂದೆ ಯಾರೂ ಇದರಲ್ಲಿ ಗೆಲ್ಲದಿರಲಿ ಎಂದು ಕಲ್ಲಿನ ಮೇಲೆ ಶಾಪ ಕೆತ್ತಿಸಿದ್ದನಂತೆ. ಈ ಕಥೆಯನ್ನು ಬರೆದಿಟ್ಟವನು ಸ್ಯಾಂಡರ್ಸನ್ನನೇ. 1874ರಲ್ಲಿ ಅವನು ಗೆದ್ದ. 1878ರಲ್ಲಿ ಹೊರಬಂದ ಅವನ ಪುಸ್ತಕ ಇಂದಿಗೂ ಓದಿಸಿಕೊಂಡು ಹೋಗುತ್ತದೆ.

ಅದನ್ನು ವಿಜ್ಞಾನದ ವಿದ್ಯಾರ್ಥಿಯಾಗಿ ಓದುವಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಆನೆಗಳು ಯಾವ ತಿಂಗಳಲ್ಲಿ ಯಾವ ಕಣಿವೆಗೆ ಇಳಿಯುತ್ತವೆ, ಲದ್ದಿ ಎಷ್ಟು ಹೊತ್ತಿನದು, ಮುರಿದ ಕೊಂಬೆಯ ಹಸಿ ಆರಿದೆಯೇ ಇಲ್ಲವೇ, ಇವನ್ನೆಲ್ಲ ಅವನಿಗೆ ಹೇಳಿಕೊಟ್ಟವರು ಊರಿನ ಜಾಡುಗಾರರು, ಬೆಟ್ಟದ ಸೋಲಿಗರು, ಕಾಡಿನ ಕುರುಬರು. ಸ್ಯಾಂಡರ್ಸನ್ ಅದನ್ನು ಮುಚ್ಚಿಡುವುದಿಲ್ಲ. ತನ್ನ ಜಾಡುಗಾರರ ಮೇಲೆ ಅವನಿಗೆ ಅಭಿಮಾನ. ಆದರೆ ಪುಸ್ತಕದ ರಟ್ಟಿನ ಮೇಲೆ ಹೆಸರು ಒಂದೇ. ರುಡ್ಯಾರ್ಡ್ ಕಿಪ್ಲಿಂಗನ ಆನೆ ಹುಡುಗನ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಈ ಸ್ಯಾಂಡರ್ಸನ್ನನೇ ಮಾದರಿ ಎನ್ನುತ್ತಾರೆ.

1875ರ ಸುಮಾರಿಗೆ ಅವನು ಬಂಗಾಳಕ್ಕೆ ಹೋಗಿ ಢಾಕಾದ ಆನೆ ಹಿಡಿಯುವ ಇಲಾಖೆಯನ್ನು ನೋಡಿಕೊಂಡ. ಮೈಸೂರಿಗೆ ಮರಳಿದ ಮೇಲೆ ಕಪಿಲೆಯ, ಅಂದರೆ ಕಬಿನಿಯ, ದಂಡೆಯ ಕಾಕನಕೋಟೆಯಲ್ಲಿ ದೊಡ್ಡ ಖೆಡ್ಡಾಗಳು ನಡೆದವು. ಬಂಗಾಳದ ಈ ನಂಟಿನ ಗುರುತು ನಮ್ಮ ಶಿವಮೊಗ್ಗದಲ್ಲೂ ಸಿಗುತ್ತದೆ. ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿಲೋಮೀಟರ್ ಹೋಗಿ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಬೆಳಿಗ್ಗೆ ಆನೆಗಳನ್ನು ತುಂಗೆಗೆ ಇಳಿಸುವ ಹೊತ್ತಿಗೆ ಕಿವಿಗೊಟ್ಟು ನಿಲ್ಲಿ. ಮಾವುತರು ಪರಸ್ಪರ ಏನೇ ಭಾಷೆ ಆಡಲಿ, ಆನೆಗೆ ಕೊಡುವ ಅಪ್ಪಣೆ ಕನ್ನಡದ್ದಲ್ಲ. ಕೂರಿಸಲು "ಬೈಠ್" ಎನ್ನುತ್ತಾರೆ. ಉರ್ದು, ಹಿಂದೂಸ್ತಾನಿ, ಬಂಗಾಳದ ಕಡೆಯ ಮಾತುಗಳು ಬೆರೆತ ಒಂದು ಕಸುಬಿನ ಭಾಷೆ ಅದು. ಯಾವ ವಿಶ್ವವಿದ್ಯಾನಿಲಯದಲ್ಲೂ ಕಲಿಸದ ಆ ಭಾಷೆ ತಂದೆಯಿಂದ ಮಗನಿಗೆ ಇಳಿದು ಬಂದಿದೆ. ನಾನು ಎಷ್ಟು ಸಲ ಅಲ್ಲಿಗೆ ಕ್ಯಾಮೆರಾ ಹೊತ್ತು ಹೋಗಿದ್ದೇನೋ ಲೆಕ್ಕವಿಲ್ಲ; ಆನೆಯ ಚಿತ್ರ ತೆಗೆದಷ್ಟು ಈ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಲಿಲ್ಲವಲ್ಲ ಎಂದು ಈಗ ಅನ್ನಿಸುತ್ತದೆ.

ಕಾಕನಕೋಟೆಯ ಖೆಡ್ಡಾ ಮೆಲ್ಲಗೆ ಒಂದು ಪ್ರದರ್ಶನವಾಯಿತು. 1889ರಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಆನೆ ಹಿಡಿಯುವುದನ್ನು ಅವನಿಗೆ ತೋರಿಸಲಾಯಿತು. ಆಮೇಲೆ ವೈಸರಾಯ್ ಬರಲಿ, ಯುರೋಪಿನ ರಾಜಮನೆತನದವರು ಬರಲಿ, ಖೆಡ್ಡಾ ಇದ್ದೇ ಇರುತ್ತಿತ್ತು. ಗಣ್ಯರು ಅಟ್ಟಣೆಯ ಮೇಲೆ ಕುಳಿತು ನೋಡುತ್ತಿದ್ದರು. ವಾರಗಟ್ಟಲೆ ಕಾಡಿನಲ್ಲಿ ಮಲಗಿ, ತಮಟೆ ಬಡಿದು, ಬೆಂಕಿ ಕಾದು, ಹಿಂಡನ್ನು ಹೊಳೆಯ ಕಡೆಗೆ ತಳ್ಳಿಕೊಂಡು ಬರುತ್ತಿದ್ದವರು ನೂರಾರು ಕುರುಬರು ಮತ್ತು ಸುತ್ತಲ ಹಳ್ಳಿಯವರು. ಇಂದಿನ ಮಾತಿನಲ್ಲಿ ಹೇಳುವುದಾದರೆ ನಮ್ಮ ನಾಡಿನ ಮೊದಲ ವನ್ಯಜೀವಿ ಪ್ರವಾಸ ಇದೇ. ಅತಿಥಿಗಳ ಪಟ್ಟಿಯನ್ನು ದಾಖಲೆಗಳಲ್ಲಿ ಓದಬಹುದು. ತಮಟೆ ಬಡಿದವರು ಅದೇ ದಾಖಲೆಗಳಲ್ಲಿ "ಆಳುಗಳು" ಎಂಬ ಒಂದು ಸಂಖ್ಯೆ ಮಾತ್ರ. ಆ ಕಾಡಿನ ಜನರನ್ನು ಮುಖವಿರುವ ಮನುಷ್ಯರಾಗಿ ರಂಗದ ಮೇಲೆ ತಂದವರು ಮಾಸ್ತಿ. ಅವರ 'ಕಾಕನಕೋಟೆ' ನಾಟಕ 1977ರಲ್ಲಿ ಚಲನಚಿತ್ರವೂ ಆಯಿತು.

ಹೆಸರು ಉಳಿಸಿಕೊಂಡ ಒಬ್ಬನೇ ಒಬ್ಬ ಹುಡುಗನ ಕಥೆಯನ್ನು ಇಲ್ಲಿ ಹೇಳದಿದ್ದರೆ ದೃಶ್ಯಮಾಧ್ಯಮದವನಾದ ನನಗೆ ನಿದ್ದೆ ಬರುವುದಿಲ್ಲ. ಕಾಕನಕೋಟೆಗೆ ಹತ್ತಿರದ ಕಾರಾಪುರದಲ್ಲಿ 1924ರಲ್ಲಿ ಮಾವುತನೊಬ್ಬನ ಮಗನಾಗಿ ಹುಟ್ಟಿದವನು ಸಾಬು. ಕಿಪ್ಲಿಂಗನ ಅದೇ ಆನೆ ಹುಡುಗನ ಕಥೆಯನ್ನು ತೆರೆಗೆ ತರಲು ರಾಬರ್ಟ್ ಫ್ಲಾಹರ್ಟಿಯ ತಂಡ 1935ರಲ್ಲಿ ಮೈಸೂರಿಗೆ ಬಂದಿತ್ತು. ನಾಯಕನಾಗಲು ಹುಡುಗ ಬೇಕು. ತಂಡದ ಛಾಯಾಗ್ರಾಹಕನ ಕಣ್ಣಿಗೆ ಬಿದ್ದವನು ಅರಮನೆಯ ಆನೆಲಾಯದ ಈ ತಬ್ಬಲಿ ಹುಡುಗ. 'ಎಲಿಫೆಂಟ್ ಬಾಯ್' 1937ರಲ್ಲಿ ಬಿಡುಗಡೆಯಾಯಿತು. ಸಾಬು ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋಗಿ, ಮತ್ತೆ ಕಾರಾಪುರದಲ್ಲಿ ಬದುಕಲು ಬರಲಿಲ್ಲ. 1963ರಲ್ಲಿ ಅಮೆರಿಕದಲ್ಲೇ ತೀರಿಕೊಂಡ. ಕಾಡು ತೋರಿಸುವ ಕುಲದಿಂದ ಬಂದ ಒಬ್ಬನ ಹೆಸರು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರಬೇಕಾದರೆ ಅವನು ಕಾಡನ್ನೇ ಬಿಟ್ಟು ಹೋಗಬೇಕಾಯಿತು.

ಅರಸರ ಖೆಡ್ಡಾ ಅತ್ತ ನಡೆಯುತ್ತಿದ್ದಂತೆ ಇತ್ತ ಮಲೆನಾಡಿನಲ್ಲಿ ಒಂಟಿ ಬಂದೂಕಿನವರ ಶಿಕಾರಿ ನಡೆದಿತ್ತು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ಕಾನೂನು ಮಾಡಿತ್ತು. ಪರವಾನಗಿ ಇದ್ದವರು ಬೇಟೆಯಾಡಬಹುದು, ಇಲ್ಲದವರು ಕಳ್ಳಬೇಟೆಗಾರರು. ಪರವಾನಗಿ ಪಡೆಯುವಷ್ಟು ಹಣ, ಓದು ಇದ್ದವರು ಪಟ್ಟಣದವರು. ಹುಲಿ ಎಲ್ಲಿ ಮಲಗಿದೆ ಎಂಬ ತಿಳಿವಳಿಕೆ ಇದ್ದವರು ಹಳ್ಳಿಯವರು. ಇಬ್ಬರೂ ಸೇರದೆ ಶಿಕಾರಿ ಇಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ ನಮ್ಮ ಜಿಲ್ಲೆಯ ಕಾಡುಗಳಲ್ಲಿ ಅಲೆದವರು. ಸಾಗರ ರಸ್ತೆಯ ಚೋರಡಿಯ ಹುಲಿಯ ಕಥೆ 1957ರ ಅವರ ಪುಸ್ತಕದಲ್ಲಿದೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕತೆಗಳು' ಮಾಲೆಯ ಮೂಲಕ ಆಂಡರ್ಸನ್ ನಿಮ್ಮಲ್ಲಿ ಅನೇಕರಿಗೆ ಪರಿಚಿತರೇ. ಆಂಡರ್ಸನ್ನರ ಒಂದು ಗುಣ ನನಗೆ ಇಷ್ಟ. ಅವರ ಕಥೆಗಳಲ್ಲಿ ಜಾಡು ಹಿಡಿಯುವವನು ಬರೀ "ಆಳು" ಅಲ್ಲ. ಬೈರ ಎಂದೋ ರಂಗ ಎಂದೋ ಹೆಸರಿದೆ, ಅವನಿಗೊಂದು ಸ್ವಭಾವವಿದೆ, ಹಟವಿದೆ, ಸಾಹೇಬರ ತಪ್ಪನ್ನು ಎತ್ತಿ ಆಡುವ ನಾಲಿಗೆಯಿದೆ.

ಸ್ವಾತಂತ್ರ್ಯದ ನಂತರದ ಬದಲಾವಣೆಗಳನ್ನು ಬೇಗ ಬೇಗ ಹೇಳಿ ಮುಗಿಸುತ್ತೇನೆ. ಇವು ನಿಮ್ಮ ಪಠ್ಯದಲ್ಲೂ ಸಿಗುತ್ತವೆ. 1951ರಲ್ಲಿ ಜಾಗರ ಕಣಿವೆ ವನ್ಯಧಾಮವಾಯಿತು. ಲಕ್ಕವಳ್ಳಿಯ ಕಾಡನ್ನು ಸೇರಿಸಿಕೊಂಡು 1974ರಲ್ಲಿ ಅದೇ ಭದ್ರಾ ಅಭಯಾರಣ್ಯವಾಗಿ, 1998ರಲ್ಲಿ ಹುಲಿ ಯೋಜನೆಗೆ ಸೇರಿತು. 1955ರಲ್ಲಿ ನಾಗರಹೊಳೆ. 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ. 1974ರ ಹೊತ್ತಿಗೆ ಕಬಿನಿ ಜಲಾಶಯ ತುಂಬಿ ಖೆಡ್ಡಾದ ನೆಲ ನೀರಿನಡಿ ಹೋಯಿತು. ನಮ್ಮ ಊರಿನ ಬೆನ್ನಿಗೇ ಇರುವ ಶೆಟ್ಟಿಹಳ್ಳಿ ಕಾಡು ಅಭಯಾರಣ್ಯವಾದದ್ದೂ 1974ರಲ್ಲೇ. ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟೆ ಎದ್ದಾಗ ಮನೆ ತೋಟ ಮುಳುಗಿಸಿಕೊಂಡು ಬಂದ ಕುಟುಂಬಗಳು ಅದಕ್ಕೆ ಹತ್ತು ವರ್ಷ ಮುಂಚೆಯೇ ಆ ಕಾಡಿನಲ್ಲಿ ನೆಲೆ ನಿಂತಿದ್ದವು. ಒಂದು ಸರ್ಕಾರಿ ಆಜ್ಞೆ ಅವರನ್ನು ಕಾಡಿಗೆ ಕಳಿಸಿತು, ಇನ್ನೊಂದು ಆಜ್ಞೆ ಆ ಕಾಡನ್ನು ಪ್ರಾಣಿಗಳದ್ದೆಂದು ಸಾರಿತು.

1972ರ ಕಾಯ್ದೆ ಬೇಕಾಗಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಅದೇ ವರ್ಷದ ಎಣಿಕೆಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಹುಲಿಗಳು 1,827. ಕಾಯ್ದೆ ಬರದಿದ್ದರೆ ಇಂದು ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಆದರೆ ಅದರ ಇನ್ನೊಂದು ಪರಿಣಾಮವನ್ನು ನಾವು ಹೆಚ್ಚು ಮಾತನಾಡುವುದಿಲ್ಲ. ನಿನ್ನೆಯವರೆಗೆ ಸಾಹೇಬರ ಮುಂದೆ ನಡೆಯುತ್ತಿದ್ದ ಜಾಡುಗಾರ, ಅದೇ ಕಾಲುದಾರಿಯಲ್ಲಿ ಅದೇ ತಿಳಿವಳಿಕೆ ಹೊತ್ತು ನಡೆದರೆ ಅತಿಕ್ರಮಣಕಾರನಾದ. ವಿದ್ಯೆ ಕಳೆದುಹೋಗಲಿಲ್ಲ, ಅದಕ್ಕೆ ಕೆಲಸ ಕೊಡುವವರು ಇಲ್ಲವಾದರು.

ಆ ಕೆಲಸ ಬೇರೆ ವೇಷದಲ್ಲಿ ಮರಳಿತು. ನೇಪಾಳದ ಚಿತ್ವನ್ ಕಣಿವೆಯಲ್ಲಿ 1960ರ ದಶಕದಲ್ಲಿ ಟೈಗರ್ ಟಾಪ್ಸ್ ಎಂಬ ವಸತಿಗೃಹ ತೆರೆದು, ಬಂದೂಕಿಲ್ಲದೆ ಹುಲಿ ನೋಡಲು ದುಡ್ಡು ಕೊಡುವ ಜನರಿದ್ದಾರೆ ಎಂದು ತೋರಿಸಿಕೊಟ್ಟಿತ್ತು. ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದ 1980ರಲ್ಲಿ ಕರ್ನಾಟಕ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಸ್ಥಾಪಿಸಿ, ಟೈಗರ್ ಟಾಪ್ಸ್‌ನವರ ಸಹಯೋಗದಲ್ಲಿ ಕಬಿನಿಯ ದಂಡೆಯಲ್ಲಿ ವಸತಿಗೃಹ ಆರಂಭಿಸಿತು. ಎಲ್ಲಿ? ಸಾಬು ಹುಟ್ಟಿದ ಅದೇ ಕಾರಾಪುರದಲ್ಲಿ, ಮಹಾರಾಜರ ಬೇಟೆಮನೆಯ ಆವರಣದಲ್ಲಿ. ಅದಕ್ಕೆ ಜೀವ ತುಂಬಿದವರು ಕರ್ನಲ್ ಜಾನ್ ವೇಕ್‌ಫೀಲ್ಡ್, ಒಂದು ಕಾಲದ ಬೇಟೆಗಾರ. 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಈಗ ಕಾಡು ತೋರಿಸುವವನಿಗೆ ಹೊಸ ಹೆಸರು ಬಂತು, ನ್ಯಾಚುರಲಿಸ್ಟ್. ಇಂಗ್ಲಿಷ್ ಮಾತು, ಖಾಕಿ ಷರ್ಟು, ಕೊರಳಲ್ಲಿ ದುರ್ಬೀನು. ಇವರಲ್ಲಿ ಅದ್ಭುತ ತಿಳಿವಳಿಕೆಯವರಿದ್ದಾರೆ. ಅವರಿಂದ ನಾನೂ ಕಲಿತಿದ್ದೇನೆ. ಆದರೆ ಜೀಪು ರಸ್ತೆ ಬಿಟ್ಟು ಇಳಿಯುವಂತಿಲ್ಲ. ನೆಲ ಓದುವ ವಿದ್ಯೆಗೆ ಜೀಪಿನ ಮೇಲೆ ಅರ್ಧ ಬೆಲೆ.

ನಿಮ್ಮಂಥ ವಿದ್ಯಾರ್ಥಿಗಳಿಗೆ ಇಂಥ ವಸತಿಗೃಹದ ಒಂದು ರಾತ್ರಿ ಅಂದೂ ದುಬಾರಿ, ಇಂದೂ ದುಬಾರಿ. ನಮಗೆ ಸಿಕ್ಕದ್ದು ಅರಣ್ಯ ಇಲಾಖೆಯ ಬಸ್ಸು, ಅದರ ಕಿಟಕಿಯ ಸರಳು. ಶಿವಮೊಗ್ಗದ ಮಕ್ಕಳಿಗಂತೂ 1988ರಲ್ಲಿ ತ್ಯಾವರೆಕೊಪ್ಪದ ಸಿಂಹ ಮತ್ತು ಹುಲಿ ಸಫಾರಿ ಬಂತು. ಶಾಲೆಯಿಂದ ಕರೆದೊಯ್ದಾಗ ನಾನು ಮೊದಲ ಹುಲಿ ಕಂಡದ್ದು ಅಲ್ಲೇ. ಬೇಲಿಯೊಳಗಿನ ಹುಲಿ ಎಂಬುದು ಆಗ ನನಗೆ ಹೊಳೆಯಲಿಲ್ಲ. ರಾತ್ರಿ ನಿದ್ದೆಗೆಟ್ಟದ್ದು ಮಾತ್ರ ನಿಜ.

ಈ ಹೊಸ ಪ್ರವಾಸ ಯಾರದ್ದು ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು 1996ರಲ್ಲಿ. ನಾಗರಹೊಳೆ ಉದ್ಯಾನದ ಒಳಗೆ, ಮೂರ್ಕಲ್ಲಿನಲ್ಲಿ, ತಾಜ್ ಹೋಟೆಲ್ ಸಮೂಹಕ್ಕೆ ವಸತಿಗೃಹ ನಡೆಸಲು ಸರ್ಕಾರ ಗುತ್ತಿಗೆ ಕೊಟ್ಟಿತ್ತು. ಅದೇ ಕಾಡಿನ ಹಾಡಿಗಳಿಂದ ಜೇನುಕುರುಬರನ್ನು ಹೊರಗೆ ಕಳುಹಿಸುವ ಕೆಲಸ 1970ರ ದಶಕದಿಂದ ನಡೆದಿತ್ತು. ತಮ್ಮ ಗುಡಿಸಲಿಗೆ ಜಾಗವಿಲ್ಲದ ಕಾಡಿನಲ್ಲಿ ಹೋಟೆಲಿಗೆ ಜಾಗ ಹೇಗೆ ಬಂತು ಎಂದು ಅವರು ಕೇಳಿದರು. ಬೀದಿಯಲ್ಲೂ ಕೇಳಿದರು, ಹೈಕೋರ್ಟಿನಲ್ಲೂ ಕೇಳಿದರು. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿಯ ಅರ್ಜಿಯ ಮೇಲೆ 1997ರ ಜನವರಿಯಲ್ಲಿ ತೀರ್ಪು ಬಂತು. ಆ ಗುತ್ತಿಗೆ ಅರಣ್ಯ ಮತ್ತು ವನ್ಯಜೀವಿ ಕಾನೂನುಗಳಿಗೆ ವಿರುದ್ಧ ಎಂದಿತು ನ್ಯಾಯಾಲಯ. ಹೋಟೆಲ್ ತೆರೆಯಲಿಲ್ಲ. ಗೆದ್ದವರು ತಮ್ಮ ಹಾಡಿಯ ಪ್ರಶ್ನೆಯನ್ನು ಮಾತ್ರ ಗೆಲ್ಲಲಿಲ್ಲ.

ಇಲ್ಲಿ ಕೇರಳದ ಕಡೆ ಒಮ್ಮೆ ನೋಡಬೇಕು. ವಿಶ್ವಬ್ಯಾಂಕಿನ ನೆರವಿನ ಪರಿಸರ ಅಭಿವೃದ್ಧಿ ಯೋಜನೆ 1990ರ ದಶಕದಲ್ಲಿ ದೇಶದ ಏಳು ಕಾಡುಗಳಲ್ಲಿ ಶುರುವಾಯಿತು. ನಾಗರಹೊಳೆ ಅವುಗಳಲ್ಲೊಂದು, ಪೆರಿಯಾರ್ ಮತ್ತೊಂದು. ಪೆರಿಯಾರ್ ಕಾಡಿನಲ್ಲಿ ಕಾಡು ದಾಲ್ಚಿನ್ನಿಯ ತೊಗಟೆ ಕದಿಯುತ್ತಿದ್ದ ಒಂದು ಗುಂಪಿತ್ತು, 23 ಮಂದಿ. ಅವರ ಮೇಲಿನ ಮೊಕದ್ದಮೆಗಳ ಜೊತೆಗೇ ಅವರಿಗಿದ್ದ ದಾರಿಯ ಜ್ಞಾನವನ್ನೂ ಅಧಿಕಾರಿಗಳು ಲೆಕ್ಕಕ್ಕೆ ತೆಗೆದುಕೊಂಡರು. ಅವರದೇ ಒಂದು ಸಮಿತಿ ಮಾಡಿ, ಬೆನ್ನಿಗೆ ಚೀಲ ಹಾಕಿ ಬರುವ ಐದಾರು ಜನರ ಗುಂಪನ್ನು ಕಾಡಿನಲ್ಲಿ ನಡೆಸಿಕೊಂಡು ಹೋಗಿ ರಾತ್ರಿ ಡೇರೆಯಲ್ಲಿ ಉಳಿಸಿ ಕರೆತರುವ ಕೆಲಸ ಕೊಟ್ಟರು. ಪೆರಿಯಾರ್ ಟೈಗರ್ ಟ್ರೇಲ್ ಎಂದು ಅದು ಹೆಸರಾಯಿತು. ನಡಿಗೆ ಮುಗಿದ ಮೇಲೆ ಅದೇ ಜನ ಕಾಡಿನ ಕಾವಲಿಗೂ ಹೋಗುತ್ತಾರೆ. ಚಿತ್ವನ್ ಅಂಚಿನ ಸೌರಾಹಾದಲ್ಲಿ ಇದಕ್ಕೂ ಹಿಂದಿನಿಂದ ಗೈಡುಗಳು ಬರೀ ಒಂದು ಕೋಲು ಹಿಡಿದು ಕಡಿಮೆ ದುಡ್ಡಿನ ಪ್ರವಾಸಿಗಳನ್ನು ಘೇಂಡಾಮೃಗಗಳ ನಡುವೆ ನಡೆಸಿದ್ದಾರೆ. ಅದರಲ್ಲಿ ಅಪಾಯವಿದೆ, ಸಾವುಗಳೂ ಆಗಿವೆ. ಆದ್ದರಿಂದ ಎಲ್ಲ ಕಾಡಿನಲ್ಲೂ ಎಲ್ಲರನ್ನೂ ನಡೆಸಿ ಎಂದು ನಾನು ಹೇಳುತ್ತಿಲ್ಲ. ಆನೆ ತುಂಬಿದ ನಾಗರಹೊಳೆಯಲ್ಲಿ ನಿಮ್ಮನ್ನು ನಡೆಸಲು ಬಿಟ್ಟರೆ ಮೊದಲು ಆಕ್ಷೇಪಿಸುವವನು ನಾನೇ. ಒಂದೇ ಯೋಜನೆ, ಒಂದೇ ಕಾಲ. ಒಂದು ಕಾಡಿನಲ್ಲಿ ಜಾಡುಗಾರನಿಗೆ ಕೆಲಸ ಹುಟ್ಟಿತು, ಇನ್ನೊಂದರಲ್ಲಿ ಜಾಡುಗಾರ ಹೊರಗುಳಿದ ಎಂಬುದನ್ನಷ್ಟೇ ಗುರುತಿಸುತ್ತಿದ್ದೇನೆ.

ಜಾಡುಗಾರನ ವಿದ್ಯೆ ಎಂದೆ. ಅದು ಎಂಥದ್ದು ಎಂದು ಒಂದು ಉದಾಹರಣೆ ಕೊಡುತ್ತೇನೆ, ಮತ್ತು ಅದರ ಜೊತೆಗೆ ನನ್ನದೇ ಒಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹೆಗ್ಗಡದೇವನಕೋಟೆಯ ಕಡೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆ ಹೋಗಿದ್ದೆವು. ನಮ್ಮ ಜೊತೆ ದಿನಗೂಲಿಯ ಕಾವಲುಗಾರರಾಗಿದ್ದ ಜೇನುಕುರುಬ ಹಿರಿಯರೊಬ್ಬರು ಬಂದಿದ್ದರು. ಮೊದಲ ದಿನ ಕಳೆಯಿತು, ಏನೂ ಕಾಣಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಚುಕ್ಕೆ ಜಿಂಕೆಯೊಂದು ಕೂಗಿತು. ಕ್ಯಾಮೆರಾದ ಹುಡುಗ ಎದ್ದು ನಿಂತ. ಅಜ್ಜ ಕೈಯಾಡಿಸಿ ಕೂರಿಸಿದರು. ಮರದ ತುದಿಯಲ್ಲಿ ಮುಸುವ ಕೂಗಿತು. ಅಜ್ಜ ತಲೆ ಎತ್ತಿದರು ಅಷ್ಟೆ. ಹತ್ತು ನಿಮಿಷದ ಮೇಲೆ ಕಣಿವೆಯ ಆ ಬದಿಯಿಂದ ಕಡವೆ ಒಂದೇ ಸಲ, ಕಹಳೆಯ ಹಾಗೆ, ಕೂಗಿತು. ಆಗ ಅವರು ಮೆಲ್ಲಗೆ ಹೇಳಿದರು: "ಜಿಂಕೆ ಎದ್ರಿ ಸುಮ್‌ಸುಮ್ನೆ ಕೂಗ್ತದೆ ಸಾರ್. ಕಡವೆ ಸುಳ್ಳು ಹೇಳಾದಿಲ್ಲ. ಆ ಬಂಡೆ ಕಡೆ ತಿರುಗ್ಸಿ." ಕ್ಯಾಮೆರಾ ತಿರುಗಿಸಿದೆವು. ಚಿರತೆ ಬಂಡೆಯ ಮೇಲಿಂದ ಇಳಿದು, ನಿಂತು, ನಮ್ಮ ಕಡೆ ನೋಡಿ ಹೋಯಿತು. ಒಟ್ಟು ಇಪ್ಪತ್ತು ಸೆಕೆಂಡು. ಕಾರ್ಯಕ್ರಮ ನಿಂತದ್ದು ಆ ಇಪ್ಪತ್ತು ಸೆಕೆಂಡಿನ ಮೇಲೆ.

ವಿಜ್ಞಾನದಲ್ಲಿ ಇದನ್ನು ಏನೆನ್ನುತ್ತೇವೆ? ಮೂರು ಬೇರೆ ಬೇರೆ ಸಾಕ್ಷಿಗಳು, ಪ್ರತಿಯೊಂದರ ನಂಬಿಕೆಯ ಮಟ್ಟ ಬೇರೆ. ದುರ್ಬಲ ಸಾಕ್ಷಿಗೆ ಕಾಯುವುದು, ಪ್ರಬಲ ಸಾಕ್ಷಿಗೆ ತೀರ್ಮಾನಿಸುವುದು. ಇದು ವಿಧಾನವಲ್ಲದೆ ಮತ್ತೇನು? ಹೆಜ್ಜೆಗುರುತಿನಿಂದ ಹುಲಿ ಎಣಿಸುವ ಪದ್ಧತಿಯನ್ನು ಒಡಿಶಾದ ಸರೋಜ್ ರಾಜ್ ಚೌಧುರಿ 1960ರ ದಶಕದಲ್ಲಿ ರೂಪಿಸಿದಾಗ ಅದರ ಬೇರು ಇದ್ದದ್ದು ಇಂಥ ಜನರ ಅನುಭವದಲ್ಲೇ. ಅದನ್ನು ಗಾಜಿನ ಮೇಲೆ ಗೆರೆ ಎಳೆಯುವ ಕಡತದ ಕೆಲಸವಾಗಿಸಿದಾಗ ತಪ್ಪುಗಳು ಸೇರಿಕೊಂಡವು. ನಾಗರಹೊಳೆಯಲ್ಲೇ ಉಲ್ಲಾಸ ಕಾರಂತರು ಕ್ಯಾಮೆರಾ ಬಲೆ ಮತ್ತು ಸಂಖ್ಯಾಶಾಸ್ತ್ರ ಬಳಸಿ ಇನ್ನೂ ಖಚಿತವಾದ ದಾರಿ ತೋರಿಸಿದರು. 2006ರಿಂದ ದೇಶದ ಎಣಿಕೆ ಕ್ಯಾಮೆರಾ ಬಲೆಯನ್ನು ಅವಲಂಬಿಸಿದೆ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳು. ಆ ಕ್ಯಾಮೆರಾವನ್ನು ಯಾವ ಮರಕ್ಕೆ, ಯಾವ ತಿರುವಿನಲ್ಲಿ ಕಟ್ಟಬೇಕು ಎಂದು ಬೆರಳು ತೋರಿಸಲು ಇಂದಿಗೂ ಕಾಡು ಬಲ್ಲವನೊಬ್ಬ ಬೇಕು.

ಇನ್ನು ನನ್ನ ತಪ್ಪು. ಆ ಕಾರ್ಯಕ್ರಮದ ಕೊನೆಯ ಹೆಸರುಗಳ ಪಟ್ಟಿಯನ್ನು ತಯಾರಿಸಿದವನು ನಾನೇ. ವಾಹನ ಕೊಟ್ಟವರಿಗೆ, ವಸತಿ ಕೊಟ್ಟವರಿಗೆ, ಅನುಮತಿ ಕೊಟ್ಟವರಿಗೆ, ಎಲ್ಲರಿಗೂ ವಂದನೆ ಇತ್ತು. ಆರು ತಿಂಗಳ ಮೇಲೆ ಬೇರೆ ಕೆಲಸದ ಮೇಲೆ ಅತ್ತ ಹೋದಾಗ ಅಜ್ಜ ಸಿಕ್ಕರು. "ಹಾಡಿ ಹುಡುಗ್ರೆಲ್ಲ ಟಿ.ವಿ. ಮುಂದೆ ಕೂತಿದ್ರು ಸಾರ್. ಚಿರತೆ ಬಂತು. ನನ್ನ ಬೆನ್ನೂ ಬಂತು. ಕೊನೇಲಿ ಹೆಸ್ರು ಬರ್ತದೆ ಅಂತ ಯಾರೂ ಏಳ್ಲಿಲ್ಲ" ಎಂದು ನಕ್ಕರು. ದೂರುವ ದನಿ ಅಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಮರುಪ್ರಸಾರದ ಹೊತ್ತಿಗೆ ಸೇರಿಸಿದೆ. ಅದನ್ನು ಅವರು ನೋಡಿದರೋ ಇಲ್ಲವೋ. ಸ್ಯಾಂಡರ್ಸನ್ನನ ಪುಸ್ತಕದ ರಟ್ಟಿನ ಬಗ್ಗೆ ಮೇಲೆ ಬರೆದೆನಲ್ಲ, ಅದನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು.

ಈಚಿನ ವರ್ಷಗಳಲ್ಲಿ ಕಾಡಿನ ಬಾಗಿಲು ತೆರೆಯುವುದೂ ಮುಚ್ಚುವುದೂ ದೂರದ ಊರಿನ ಆದೇಶಗಳಿಂದ. 2012ರ ಜುಲೈಯಲ್ಲಿ ಹುಲಿ ಮೀಸಲು ಕಾಡುಗಳ ನಡುಭಾಗದಲ್ಲಿ ಪ್ರವಾಸೋದ್ಯಮವನ್ನು ಸುಪ್ರೀಂ ಕೋರ್ಟ್ ತಡೆಯಿತು. ಅಕ್ಟೋಬರಿನಲ್ಲಿ ಹೊಸ ಮಾರ್ಗಸೂಚಿಯೊಂದಿಗೆ ತಡೆ ತೆರವಾಯಿತು. ನಡುಭಾಗದ ಶೇಕಡಾ 20ಕ್ಕಿಂತ ಹೆಚ್ಚು ಜಾಗದಲ್ಲಿ ಪ್ರವಾಸಿಗಳು ಓಡಾಡಬಾರದು ಎಂಬುದು ಅದರ ಒಂದು ನಿಯಮ. 2024ರ ಜನವರಿಯ ರಜೆಯಲ್ಲಿ ಕುಮಾರಪರ್ವತಕ್ಕೆ ಜನ ಜಾತ್ರೆಯಂತೆ ನುಗ್ಗಿದಾಗ ರಾಜ್ಯ ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಿತು. ಆಮೇಲೆ ಮುಂಗಡ ಟಿಕೆಟ್ ಪದ್ಧತಿ ಬಂತು. 2025ರ ಮೇ ತಿಂಗಳಲ್ಲಿ ಸುಮಾರು 50 ಜೇನುಕುರುಬ ಕುಟುಂಬಗಳು 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಮುಂದಿಟ್ಟುಕೊಂಡು ನಾಗರಹೊಳೆಯೊಳಗಿನ ತಮ್ಮ ಹಳೆಯ ಹಾಡಿಯ ಜಾಗಕ್ಕೆ ಮರಳಿ ಗುಡಿಸಲು ಕಟ್ಟಲು ಹೊರಟವು. ಅದೇ ವರ್ಷ ನವೆಂಬರಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸುವಂತೆ ಅರಣ್ಯ ಸಚಿವರು ಆದೇಶಿಸಿದರು. ಸಫಾರಿಯ ಸಿಬ್ಬಂದಿಯನ್ನು ಹುಲಿ ಪತ್ತೆಯ ಕೆಲಸಕ್ಕೆ ಬಳಸಿ ಎಂದರು. ಪ್ರವಾಸಿಗೆ ಇಂಥ ಆದೇಶದಿಂದ ಒಂದು ರಜೆ ಹಾಳು. ದಿನದ ಲೆಕ್ಕದಲ್ಲಿ ದುಡಿಯುವ ಗೈಡಿಗೆ ಅದು ಆ ತಿಂಗಳ ಅಕ್ಕಿ.

ನಮ್ಮ ಭದ್ರಾ ಕಾಡಿನಿಂದ 2002ರ ಹೊತ್ತಿಗೆ ನಾನೂರಕ್ಕೂ ಹೆಚ್ಚು ಕುಟುಂಬಗಳು ತರೀಕೆರೆ ಬಳಿಯ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಹೋಗಿ ನೆಲೆಸಿದವು. ದೇಶದಲ್ಲಿ ಚೆನ್ನಾಗಿ ನಡೆದ ಪುನರ್ವಸತಿಗಳಲ್ಲಿ ಅದೊಂದು ಎಂದು ಬಲ್ಲವರು ಹೇಳುತ್ತಾರೆ. ನೀರಾವರಿ ಜಮೀನು, ಶಾಲೆ, ರಸ್ತೆ ಸಿಕ್ಕಿದವು. ಅವರ ಮಕ್ಕಳಲ್ಲಿ ಕೆಲವರು ಓದಿ ನೌಕರಿಗೆ ಸೇರಿದ್ದಾರೆ. ಲಕ್ಕವಳ್ಳಿಯಿಂದ ಜೀಪು ಹತ್ತಿ ಭದ್ರಾ ನೋಡಲು ಹೋದಾಗ ದಾರಿಯಲ್ಲಿ ಹುಲ್ಲುಗಾವಲಿನ ನಡುವೆ ಒಂಟಿ ಹಲಸು, ಮಾವು ಕಂಡರೆ ಗಮನಿಸಿ. ಅಲ್ಲೊಂದು ಅಂಗಳವಿತ್ತು.

ಸವಳಂಗ ರಸ್ತೆಯ ಹುಡುಗರ ಮಾತಿಗೆ ಮರಳುತ್ತೇನೆ. ಕುದುರೆಮುಖದ ಕಥೆ ಬೇರೆ ಬಗೆಯದು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೂ ಅದಿರಿನ ಗಣಿ ನಡೆದು, ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಕೊನೆಗೆ ನಿಂತಿತು. ಅಲ್ಲಿ ಈಗ ನಡೆಯಬಹುದು, ಮತ್ತು ಮುಂದೆ ನಡೆಯುವವರು ಮುಳ್ಳೋಡಿಯ ಸುತ್ತಲಿನ ಮನೆಗಳ ತರುಣರು. ಕಳೆದ ಸಲ ಹೋಗಿಬಂದ ಗುಂಪನ್ನು ಭಾನುವಾರ ಸಂಜೆ ಗೇಟಿನ ಬಳಿ ತಡೆದು ಮಾತಾಡಿಸಿದೆ. ಎಷ್ಟು ಇಂಬಳ ಹತ್ತಿದವು, ಒಂಟಿಮರದ ಬಳಿ ಮಂಜು ಹೇಗೆ ಕವಿಯಿತು, ಇಳಿಯುವಾಗ ದಾರಿಗೆ ಅಡ್ಡವಾಗಿ ನಿಂತ ಕಾಟಿಯನ್ನು ಕಂಡು ಗೈಡ್ ಎಲ್ಲರನ್ನೂ ಅರ್ಧ ಗಂಟೆ ಉಸಿರೆತ್ತದಂತೆ ಹೇಗೆ ಕೂರಿಸಿದ, ಎಲ್ಲವನ್ನೂ ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಗೈಡ್ ಯಾಕೆ ಎಂದು ಕೇಳಿದ್ದ ಹುಡುಗ ಅಂದು ಏನೂ ಕೇಳಲಿಲ್ಲ.

"ಅವರ ಹೆಸರೇನು?" ಎಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹುಡುಗಿ ಮೊಬೈಲ್ ತೆಗೆದಳು. ನಂಬರು ಇತ್ತು, 'ಕುದುರೆಮುಖ ಗೈಡ್' ಎಂದು ಉಳಿಸಿಕೊಂಡಿದ್ದಳು. "ಇರಿ ಸಾರ್, ಕೇಳ್ತೀನಿ" ಎಂದು ಅಲ್ಲೇ ಕರೆ ಮಾಡಿದಳು. ಹೋಗಲಿಲ್ಲ. ಆ ಕಡೆ ನೆಟ್‌ವರ್ಕ್ ಸಿಗುವುದೇ ಅಪರೂಪ.

ಮೂರನೆಯ ದಿನ ಸಂಜೆ ಅವಳೇ ಮನೆಗೆ ಬಂದು ಹೆಸರು ಹೇಳಿ ಹೋದಳು.